ಸಮುದ್ರ ಕಾಣುವ ಮನೆ: ಕೊಂಡದ್ದೇನು, ಹಂಚಿಕೊಂಡದ್ದೇನು?

ಷಿಕಾಗೊ ನದಿಯ ದಡದಲ್ಲಿ, ಮುಸುಕಿನ ಜೋಳದ ಎರಡು ತೆನೆಗಳನ್ನು ನೆಟ್ಟಗೆ ನಿಲ್ಲಿಸಿದಂತೆ ಕಾಣುವ ಜೋಡಿ ಗೋಪುರಗಳಿವೆ. ಹೆಸರು ಮರೀನಾ ಸಿಟಿ. ಒಂದೊಂದಕ್ಕೂ 65 ಅಂತಸ್ತು. ಕೆಳಗಿನ 19 ಅಂತಸ್ತುಗಳಲ್ಲಿ ಸುರುಳಿ ಸುತ್ತಿದ ಇಳಿಜಾರಿನ ಮೇಲೆ ಕಾರುಗಳದೇ ವಾಸ. ವಾಸ್ತುಶಿಲ್ಪಿ ಬರ್ಟ್ರಂಡ್ ಗೋಲ್ಡ್‌ಬರ್ಗ್. ಇದರ ಹಿಂದೆ ನಿಂತವರು ಯಾರು ಗೊತ್ತೇ? ಕಟ್ಟಡಗಳನ್ನು ಗುಡಿಸಿ ನೋಡಿಕೊಳ್ಳುವವರ ಕಾರ್ಮಿಕ ಸಂಘ! ಜನರೆಲ್ಲ ಊರ ಹೊರಗಿನ ಬಡಾವಣೆಗಳಿಗೆ ಗುಳೆ ಹೋದರೆ ತಮ್ಮ ಅನ್ನಕ್ಕೆ ಸಂಚಕಾರ ಬಂದೀತೆಂಬ ಆತಂಕ ಅವರದು. ಅಂತೆಯೇ 1960ರ ದಶಕದಲ್ಲಿ ಅಂಗಡಿ, ಕಚೇರಿ, ರಂಗಮಂದಿರ, ಬೌಲಿಂಗ್ ಅಂಕಣ, ದೋಣಿ ಕಟ್ಟುವ ತಾಣ ಎಲ್ಲವೂ ಒಂದೇ ಆವರಣಕ್ಕೆ ಬಂದವು.

ಮೊದಲಿಗೆ ಅಲ್ಲಿದ್ದವರು ಬಾಡಿಗೆದಾರರು. 1977ರಲ್ಲಿ ಮನೆಗಳನ್ನು ಬಿಡಿಬಿಡಿಯಾಗಿ ಕೊಳ್ಳುವ ‘ಕಾಂಡೊಮಿನಿಯಂ’ ಪದ್ಧತಿ ಬಂತು. ಲ್ಯಾಟಿನ್ ಮೂಲದ ಈ ಪದಕ್ಕೆ ಕೂಡು ಒಡೆತನ ಎಂದರ್ಥ. ಪೋರ್ಟೊರಿಕೊದಲ್ಲಿ 1958ರಲ್ಲಿ, ಯೂಟಾ ರಾಜ್ಯದಲ್ಲಿ 1960ರಲ್ಲಿ ಇದಕ್ಕೆ ಕಾಯಿದೆಗಳಾದವು. 1961ರಲ್ಲಿ ಇಂಥ ಮನೆಗಳ ಸಾಲಕ್ಕೂ ಕೇಂದ್ರ ಸರ್ಕಾರ ವಿಮೆಯ ಆಸರೆ ನೀಡಿದ ಮೇಲೆ ಕಾಂಡೊಗಳು ದೇಶದುದ್ದಕ್ಕೂ ಎದ್ದವು.

ಅಂತರಿಕ್ಷದಲ್ಲಿರುವ ಮನೆಯೊಂದನ್ನು ಕೊಳ್ಳುವುದೆಂದರೇನು? ಗೋಡೆಗಳ ಒಳಗಿನ ಜಾಗವಷ್ಟೇ ಕೊಂಡವರದು. ಕಂಬ, ಚಾವಣಿ, ಲಿಫ್ಟು, ಕೊಳಾಯಿ, ಈಜುಕೊಳ, ಕೆಳಗಿನ ನೆಲ ಇವೆಲ್ಲ ಸಮಸ್ತರದು. ಅದರಲ್ಲಿ ಪ್ರತಿಯೊಬ್ಬರಿಗೂ ಒಡೆಯಲಾಗದ ಒಂದು ಪಾಲು. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯ ತಿರುಳೂ ಇದೇ. ಕರಪತ್ರದ ಬಣ್ಣದ ಚಿತ್ರದಲ್ಲಿ ಕಾಣುವುದು ಈಜುಕೊಳ. ಅದರ ಅಡಿಯ ಚಪ್ಪಡಿ ಅಲ್ಲಿ ಕಾಣುವುದಿಲ್ಲ.

ಆ ಚಪ್ಪಡಿಯ ಕಥೆ ಫ್ಲಾರಿಡಾದ ಸರ್ಫ್‌ಸೈಡ್‌ನದು. ಮಯಾಮಿ ಸಮೀಪದ ಕಡಲತೀರದಲ್ಲಿ 1981ರಲ್ಲಿ ಕಟ್ಟಿದ ಚಾಂಪ್ಲೇನ್ ಟವರ್ಸ್ ಸೌತ್‌ನಲ್ಲಿ 12 ಅಂತಸ್ತು, 136 ಮನೆ. ಉಪ್ಪುಗಾಳಿ, ನಿಂತ ನೀರು ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ಶತ್ರುಗಳು: ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಕಾಂಕ್ರೀಟನ್ನೇ ಸೀಳುತ್ತದೆ. ಈಜುಕೊಳದ ಸುತ್ತಲಿನ ಅಂಗಳದಡಿ ನೀರುತಡೆಯ ಪದರ ಕೆಟ್ಟಿದೆ, ನೀರು ಹರಿದುಹೋಗಲು ಇಳಿಜಾರೇ ಇಲ್ಲ, ಕೆಳಗಿನ ಚಪ್ಪಡಿಗೆ ಭಾರಿ ಹಾನಿಯಾಗಿದೆ ಎಂದು ಎಂಜಿನಿಯರೊಬ್ಬರು 2018ರಲ್ಲೇ ವರದಿ ಕೊಟ್ಟಿದ್ದರು. ಆದರೆ ರಿಪೇರಿಗೆ ದುಡ್ಡು? ಸಂಘದ ಮೀಸಲು ನಿಧಿ ಏತಕ್ಕೂ ಸಾಲದು. ಜಗಳವಾಯಿತು, 2019ರಲ್ಲಿ ಆಡಳಿತ ಸಮಿತಿಯ ಬಹುಪಾಲು ಸದಸ್ಯರು ರಾಜೀನಾಮೆ ಕೊಟ್ಟರು. ಕೊನೆಗೆ 2021ರ ಏಪ್ರಿಲ್‌ನಲ್ಲಿ 1.5 ಕೋಟಿ ಡಾಲರ್ ವಂತಿಗೆಗೆ ಒಪ್ಪಿಗೆ ಸಿಕ್ಕಿತು. ಚಿಕ್ಕ ಮನೆಯವರಿಗೆ ಸುಮಾರು 80 ಸಾವಿರ, ತುತ್ತತುದಿಯ ದೊಡ್ಡ ಮನೆಗೆ 3 ಲಕ್ಷ 36 ಸಾವಿರ ಡಾಲರ್. ಪಾವತಿ ಜುಲೈ 1ರಿಂದ ಶುರುವಾಗಬೇಕಿತ್ತು. ಜೂನ್ 24ರ ನಡುರಾತ್ರಿ ಕಳೆದು ಒಂದು ಗಂಟೆಯ ಮೇಲೆ ಕಟ್ಟಡದ ಸುಮಾರು ಅರ್ಧ ಭಾಗ ಕುಸಿಯಿತು. 98 ಮಂದಿ ಸತ್ತರು.

ಯಾರೂ ಕೇಡಿಗರಲ್ಲ ಎಂಬುದೇ ಇಲ್ಲಿನ ಕಷ್ಟ. ಪಿಂಚಣಿಯಲ್ಲಿ ಬದುಕುವ ವೃದ್ಧೆಗೆ ತಿಂಗಳ ವಂತಿಗೆ ಕಡಿಮೆ ಇರಲೆಂಬ ಆಸೆ. ನಾಳೆ ಮಾರಿ ಹೋಗುವವನಿಗೆ ಇಪ್ಪತ್ತು ವರ್ಷದಾಚೆಯ ಚಾವಣಿಯ ಚಿಂತೆ ಏಕೆ? ಸಭೆಯಲ್ಲಿ ಕೈ ಎತ್ತಿ ಮೀಸಲು ನಿಧಿಗೆ ಕತ್ತರಿ ಹಾಕುವುದಕ್ಕೆ ಫ್ಲಾರಿಡಾದ ಕಾನೂನಿನಲ್ಲೇ ಅವಕಾಶವಿತ್ತು.

2022ರ ಶಾಸನ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಮೂರು ಅಥವಾ ಹೆಚ್ಚು ಅಂತಸ್ತಿನ ಹಳೆಯ ಕಾಂಡೊಗಳಿಗೆ ರಚನಾ ತಪಾಸಣೆ, ಕಂಬ-ಚಾವಣಿಗಳಿಗೆ ಮೀಸಲು ನಿಧಿ ಕಡ್ಡಾಯವಾದವು. ವಂತಿಗೆ ಏರಿತು. ಕಟ್ಟಲಾರದ ನಿವೃತ್ತರು ಮನೆ ಮಾರಾಟಕ್ಕಿಟ್ಟರು, ಕೊಳ್ಳುವವರು ಹಿಂಜರಿದರು. 2025ರಲ್ಲಿ ಶಾಸನಸಭೆ ಕೆಲವು ಗಡುವುಗಳನ್ನು ಮತ್ತೆ ಸಡಿಲಿಸಬೇಕಾಯಿತು. ಈಗ ಅಲ್ಲಿ ಕಾಂಡೊ ನೋಡಲು ಹೋದವರು ಬಾಲ್ಕನಿಗೆ ಹೋಗುವ ಮೊದಲೇ ತಪಾಸಣೆಯ ವರದಿಯನ್ನೂ ಸಂಘದ ಜಮಾಖರ್ಚನ್ನೂ ಕೇಳುತ್ತಾರೆ.