ದಿವಾನಗಿರಿಯಿಂದ ಜನತಾ ಸರ್ಕಾರಕ್ಕೆ: ಕೆ.ಸಿ. ರೆಡ್ಡಿ ನಡೆದ ದಾರಿ

ಬೇತಮಂಗಲ: ಇಲ್ಲಿನ ಪಾಲಾರ್ ಕೆರೆಯು ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ದಶಕಗಳ ಕಾಲ ನೀರುಣಿಸಿದ್ದನ್ನು ಬಲ್ಲವರು ಅನೇಕರು. ಇದೇ ಸೀಮೆಯ ಕ್ಯಾಸಂಬಳ್ಳಿ ಎಂಬ ಗ್ರಾಮವು ಮೈಸೂರು ರಾಜ್ಯಕ್ಕೆ ಪ್ರಥಮ ಮುಖ್ಯಮಂತ್ರಿಯನ್ನು ನೀಡಿತೆಂಬುದನ್ನು ನೆನೆಯುವವರು ಮಾತ್ರ ವಿರಳ.

ಕ್ಯಾಸಂಬಳ್ಳಿ ಚೆಂಗಲರಾಯ ರೆಡ್ಡಿ ಅವರು ಸಾರ್ವತ್ರಿಕ ಚುನಾವಣೆ ಗೆದ್ದು ಆ ಹುದ್ದೆಗೇರಿದವರಲ್ಲ. ಜನಾಂದೋಲನದ ಬಲದಿಂದ ಅರಮನೆಯೊಡನೆ ಏರ್ಪಟ್ಟ ಒಪ್ಪಂದದ ಮೂಲಕ ಅಧಿಕಾರಕ್ಕೆ ಬಂದು, ಚುನಾಯಿತ ಸರ್ಕಾರ ರಚನೆಯಾಗುವವರೆಗೆ ರಾಜ್ಯವನ್ನು ಮುನ್ನಡೆಸಿದವರು. ಅವರ ರಾಜಕೀಯ ಜೀವನದ ಮಹತ್ವ ಅಡಗಿರುವುದು ಈ ಸಂಧಿಕಾಲದ ಹೊಣೆಗಾರಿಕೆಯಲ್ಲಿಯೇ.

ಹಳ್ಳಿಗರ ಪಕ್ಷದಿಂದ ಕಾಂಗ್ರೆಸ್ಸಿಗೆ

ರೆಡ್ಡಿ ಅವರು ಜನಿಸಿದ್ದು 1902ರ ಮೇ 4ರಂದು. ಶಿವನಸಮುದ್ರದ ವಿದ್ಯುತ್ತು ಚಿನ್ನದ ಗಣಿಗಳನ್ನು ತಲುಪಿದ್ದೂ ಅದೇ ವರ್ಷ. ಕಾನೂನು ಪದವಿ ಪಡೆದ ಅವರು 1930ರ ವೇಳೆಗೆ ಸಮಾನಮನಸ್ಕರೊಡಗೂಡಿ ಪ್ರಜಾಪಕ್ಷವನ್ನು ಕಟ್ಟಿದರು. ಅಂದಿನ ಮೈಸೂರಿನಲ್ಲಿ ಕಾಂಗ್ರೆಸ್ ಎಂದರೆ ಪಟ್ಟಣದ ಸುಶಿಕ್ಷಿತರ, ಅದರಲ್ಲಿಯೂ ಬ್ರಾಹ್ಮಣರ ಪಕ್ಷವೆಂಬ ಭಾವನೆಯಿತ್ತು. ಬ್ರಾಹ್ಮಣೇತರ ರೈತಾಪಿ ವರ್ಗದ ಅಹವಾಲುಗಳನ್ನು ಮುಂದಿಟ್ಟ ಪ್ರಜಾಪಕ್ಷವು ಬಳಿಕ ಪ್ರಜಾಮಿತ್ರ ಮಂಡಳಿಯೊಡನೆ ಸೇರಿ ಪ್ರಜಾ ಸಂಯುಕ್ತ ಪಕ್ಷವಾಯಿತು.

1937ರಲ್ಲಿ ಈ ಪಕ್ಷ ಕಾಂಗ್ರೆಸ್ಸಿನಲ್ಲಿ ವಿಲೀನಗೊಂಡಿತು. ಕಾಂಗ್ರೆಸ್ಸಿಗೆ ಹಳ್ಳಿಯ ಬೇರು ದೊರೆಯಿತು. ಹಳ್ಳಿಯ ಮುಖಂಡರಿಗೆ ರಾಷ್ಟ್ರೀಯ ಚಳವಳಿಯ ವೇದಿಕೆ ದೊರೆಯಿತು. ಮೈಸೂರು ಕಾಂಗ್ರೆಸ್ಸಿನ ಅಧ್ಯಕ್ಷತೆಯೂ ರೆಡ್ಡಿ ಅವರಿಗೆ ಒಲಿಯಿತು. ಮರುವರ್ಷ ಶಿವಪುರದ ಧ್ವಜ ಸತ್ಯಾಗ್ರಹ ಹಾಗೂ ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದ ಗೋಲಿಬಾರ್ ನಡೆದಾಗ ಹಳ್ಳಿಗರು ಭಾರಿ ಸಂಖ್ಯೆಯಲ್ಲಿ ಪಾಲ್ಗೊಂಡಿದ್ದರ ಹಿಂದೆ ಈ ವಿಲೀನದ ಪ್ರಭಾವವಿತ್ತು.

ಸ್ವಾತಂತ್ರ್ಯಾನಂತರದ ಹೋರಾಟ

1947ರ ಆಗಸ್ಟ್ 9ರಂದು ಮಹಾರಾಜ ಜಯಚಾಮರಾಜ ಒಡೆಯರು ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಸಂಸ್ಥಾನದೊಳಗಿನ ಆಡಳಿತ ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಕೈಯಲ್ಲೇ ಉಳಿಯಿತು. ದೇಶ ಸ್ವತಂತ್ರವಾದರೂ ಮೈಸೂರಿನ ಪ್ರಜೆಗಳಿಗೆ ತಮ್ಮದೇ ಸರ್ಕಾರ ದಕ್ಕಲಿಲ್ಲ.

ಜವಾಬ್ದಾರಿ ಸರ್ಕಾರಕ್ಕಾಗಿ ಸೆಪ್ಟೆಂಬರ್ 1ರಂದು 'ಮೈಸೂರು ಚಲೋ' ಆರಂಭವಾಯಿತು. ರೆಡ್ಡಿ ಸೇರಿದಂತೆ ನಾಯಕರು ಬಂಧನಕ್ಕೊಳಗಾದರು; ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದರು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು. ಅಕ್ಟೋಬರ್ 25ರಂದು ರೆಡ್ಡಿ ನೇತೃತ್ವದ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು.

ಅರ್ಧ ಅಧಿಕಾರದ ಆಡಳಿತ

ಇದು ರಾಜಿಯ ಸರ್ಕಾರವಾಗಿತ್ತು. ಕಾಂಗ್ರೆಸ್ಸೇತರರೂ ಮಂತ್ರಿಗಳಾದರು. ದಿವಾನ್ ಹುದ್ದೆ 1949ರವರೆಗೂ ಮುಂದುವರಿಯಿತು. ಸೆರೆಮನೆಯಿಂದ ಬಂದ ನಾಯಕರು ತಾವು ಯಾರ ವಿರುದ್ಧ ಹೋರಾಡಿದ್ದರೋ ಅವರೊಡನೆಯೇ ಆಡಳಿತ ನಡೆಸಬೇಕಾಯಿತು. ಮೈಸೂರಿಗೆ ಪ್ರತ್ಯೇಕ ಸಂವಿಧಾನ ಬೇಕೆಂಬ ಹಟ ಹಿಡಿಯದೆ, ಭಾರತದ ಸಂವಿಧಾನವನ್ನೇ ಅಂಗೀಕರಿಸುವ ನಿರ್ಧಾರವಾದದ್ದು ಈ ಅವಧಿಯಲ್ಲಿಯೇ. ರೆಡ್ಡಿ ಅವರು ಭಾರತದ ಸಂವಿಧಾನ ರಚನಾ ಸಭೆಯ ಸದಸ್ಯರೂ ಆಗಿದ್ದರು. 1950ರ ಜನವರಿ 26ರಿಂದ ಮಹಾರಾಜರು ರಾಜಪ್ರಮುಖರಾದರು.

ಆದರೆ ಪಕ್ಷದೊಳಗೆ ಅಸಮಾಧಾನ ಬೆಳೆಯಿತು. ಸಂಘಟನೆಯ ಮೇಲೆ ಹಿಡಿತ ಸಾಧಿಸಿದ್ದ ಕೆಂಗಲ್ ಹನುಮಂತಯ್ಯನವರು ಪ್ರಥಮ ಸಾರ್ವತ್ರಿಕ ಚುನಾವಣೆಯ ಬಳಿಕ, 1952ರ ಮಾರ್ಚ್ 30ರಂದು ಮುಖ್ಯಮಂತ್ರಿಯಾದರು. ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡಿದ ನಾಯಕನಿಗೆ ವಯಸ್ಕರೆಲ್ಲರೂ ಮತ ನೀಡಿ ರಚಿಸಿದ ಮೊದಲ ಸರ್ಕಾರದ ಸಾರಥ್ಯ ಸಿಗಲಿಲ್ಲ.

ದೆಹಲಿಯಲ್ಲಿ

ರೆಡ್ಡಿ ಅವರು ರಾಜ್ಯಸಭೆಗೆ ತೆರಳಿ ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆ ವಹಿಸಿಕೊಂಡರು. ಸರ್ಕಾರವೇ ಕಾರ್ಖಾನೆಗಳನ್ನು ಸ್ಥಾಪಿಸಿ ಉದ್ಯೋಗ ಹಾಗೂ ಸ್ವಾವಲಂಬನೆ ಸಾಧಿಸಬೇಕೆಂಬ ನೀತಿ ರೂಪುಗೊಳ್ಳುತ್ತಿದ್ದ ಕಾಲವದು. ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾದದ್ದು 1953ರಲ್ಲಿ. 1957ರಲ್ಲಿ ಕೋಲಾರದಿಂದ ಲೋಕಸಭೆಗೆ ಆಯ್ಕೆಯಾದ ರೆಡ್ಡಿ, ಮುಂದೆ ವಸತಿ, ವಾಣಿಜ್ಯ ಮತ್ತು ಕೈಗಾರಿಕೆ ಖಾತೆಗಳನ್ನು ನಿರ್ವಹಿಸಿದರು. 1965ರಿಂದ 1971ರವರೆಗೆ ಮಧ್ಯಪ್ರದೇಶದ ರಾಜ್ಯಪಾಲರಾಗಿದ್ದರು. 1976ರ ಫೆಬ್ರುವರಿ 27ರಂದು ನಿಧನ ಹೊಂದಿದರು.

ರೆಡ್ಡಿ ಅವರ ಹುಟ್ಟೂರಿನ ನೆರೆಯ ಚಿನ್ನದ ಗಣಿಗಳು ಅವರು ಮುಖ್ಯಮಂತ್ರಿಯಾಗಿದ್ದಷ್ಟು ಕಾಲವೂ ಜಾನ್ ಟೇಲರ್ ಕಂಪನಿಯ ಆಡಳಿತದಲ್ಲೇ ಇದ್ದವು. ಅವು ರಾಜ್ಯ ಸರ್ಕಾರದ ವಶಕ್ಕೆ ಬಂದದ್ದು 1956ರಲ್ಲಿ, ಮುಚ್ಚಿದ್ದು 2001ರಲ್ಲಿ. ಬೇತಮಂಗಲ ವಿಧಾನಸಭಾ ಕ್ಷೇತ್ರವೂ 2008ರ ಪುನರ್ವಿಂಗಡಣೆಯಲ್ಲಿ ಅಳಿಯಿತು. ಆದರೆ ಈ ಸೀಮೆಯ ಮತದಾರ ಇಂದು ಸರ್ಕಾರವನ್ನು ಆರಿಸುವ, ಇಳಿಸುವ ಹಕ್ಕು ಹೊಂದಿದ್ದರೆ, ಆ ಹಕ್ಕಿನ ಮೊದಲ ಕಂತು ಮೈಸೂರಿನಲ್ಲಿ ಸಂದಾಯವಾದದ್ದು 1947ರ ಆ ಅಕ್ಟೋಬರಿನಲ್ಲಿ.