ಮನೆಬಂಡಿಯ ಪ್ರವಾಸವೂ ದಾರಿಯ ಆಪತ್ತೂ

ಪ್ರವಾಸವು ದೇಹಕ್ಕೂ ಮನಸ್ಸಿಗೂ ಮದ್ದು ಎಂಬ ಮಾತು ಹಳೆಯದು. ಆದರೆ ವಿಹಾರಕ್ಕೆಂದೇ ಗಾಲಿಗಳ ಮೇಲೆ ಮನೆಯನ್ನು ಕಟ್ಟಿಸಿದ ಮೊದಲಿಗರಲ್ಲಿ ಒಬ್ಬನು ವೈದ್ಯನೇ ಆಗಿದ್ದನೆಂಬುದು ಬಹುಮಂದಿಗೆ ತಿಳಿದಿರಲಾರದು. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಎಂಬಾತನು 1885ರಲ್ಲಿ ಬ್ರಿಸ್ಟಲ್ ನಗರದಲ್ಲಿ ‘ವಾಂಡರರ್’ ಎಂಬ ಬಂಡಿಯನ್ನು ಮಾಡಿಸಿ, ಎರಡು ಕುದುರೆಗಳನ್ನು ಕಟ್ಟಿ, ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನವರೆಗೆ ಸಂಚರಿಸಿದನು. ಆತನ ಸೇವಕನು ಮೂರು ಗಾಲಿಯ ಸೈಕಲ್ಲನ್ನೇರಿ ಮುಂದೆ ಹೋಗಿ ದಾರಿಯನ್ನು ನೋಡಿಕೊಳ್ಳುತ್ತಿದ್ದನು. ದಾರಿಯ ಆಪತ್ತಿನ ಚಿಂತೆ ಮನೆಬಂಡಿಯಷ್ಟೇ ಹಳೆಯದೆಂದಾಯಿತು.

ಇಂದು ಅಮೆರಿಕದಲ್ಲಿ ಕಾರಿನ ಹಿಂದೆ ಇಂತಹ ಬಂಡಿಯನ್ನು ಕಟ್ಟಿಕೊಂಡು ಸಂಚರಿಸುವುದು ಸಾಮಾನ್ಯ. ಅಲ್ಲಿಗೆ ಮಕ್ಕಳ ಮನೆಗೆ ಹೋಗಿಬರುವ ಚೆನ್ನೈ ಕನ್ನಡಿಗರಿಗೂ ಅದರ ಪರಿಚಯವುಂಟು. ನಮ್ಮ ದೇಶದಲ್ಲಿ ಕೇರಳ ಸರ್ಕಾರವು 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ಪ್ರಕಟಿಸಿತು. ನಮ್ಮಲ್ಲಿ ಕಾರಿನ ಹಿಂದೆ ಎಳೆಯುವ ಮನೆಬಂಡಿ ಇನ್ನೂ ವಿರಳವೇ. ಆದರೂ ಹೆದ್ದಾರಿಯಲ್ಲಿ ಕಾರು ಕೆಟ್ಟು ಇನ್ನೊಂದು ವಾಹನಕ್ಕೆ ಕಟ್ಟಿ ಎಳೆಸಬೇಕಾದಾಗ ಪ್ರತಿಯೊಬ್ಬ ಗೃಹಸ್ಥನೂ ಇದೇ ಪಾಠಕ್ಕೆ ವಿದ್ಯಾರ್ಥಿಯಾಗುತ್ತಾನೆ.

ಪಾಠದ ಮೊದಲ ಭಾಗ ಭಾರದ ಹಂಚಿಕೆ. ನಮ್ಮ ಹಿರಿಯರು ಕಮಾನುಗಾಡಿಯಲ್ಲಿ ಜಾತ್ರೆಗೆ ಹೊರಟಾಗ ಗಾಡಿಯವನು ಹೇಳಿದ ಕಡೆಯಲ್ಲಿಯೇ ಕುಳಿತುಕೊಳ್ಳಬೇಕಾಗಿತ್ತು. ಮುಂಭಾರವಾದರೆ ಎತ್ತಿನ ಹೆಗಲು ನೋಯುವುದು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳು ಬಿಗಿಯುವುದು. ಮನೆಬಂಡಿಗೂ ಇದೇ ನ್ಯಾಯ. ಬಂಡಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೇಲೆ ಇರಬೇಕೆಂಬುದು ಅಮೆರಿಕದ ರೂಢಿ. ಎಂದರೆ 1,500 ಕಿಲೋ ಬಂಡಿಗೆ 150ರಿಂದ 225 ಕಿಲೋ. ಹಿಂಭಾರ ಹೆಚ್ಚಾದರೆ ವೇಗದಲ್ಲಿ ಬಂಡಿಯು ಬಾಲದಂತೆ ಆಡತೊಡಗಿ ಕಾರನ್ನೇ ಅತ್ತಿತ್ತ ಎಳೆಯುವುದು. ಆಗ ಗಾಬರಿಯಿಂದ ಕಾರಿನ ಬ್ರೇಕನ್ನು ಬಲವಾಗಿ ಒತ್ತುವುದೂ, ಚಕ್ರವನ್ನು ಎಡಬಲಕ್ಕೆ ತಿರುಗಿಸುವುದೂ, ವೇಗ ಹೆಚ್ಚಿಸಿ ಪಾರಾಗಲು ನೋಡುವುದೂ ಅನಾಹುತಕ್ಕೆ ದಾರಿ. ಚಕ್ರವನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗವು ತಾನಾಗಿ ಇಳಿಯಲು ಬಿಡುವುದೇ ಕ್ರಮ. ಬಂಡಿಗೆ ಬೇರೆಯಾಗಿ ಬ್ರೇಕ್ ಇದ್ದಲ್ಲಿ ಅದನ್ನು ಮೆಲ್ಲನೆ ಹಾಕಬಹುದು.

ಎರಡನೆಯದು ಕಾವು. ಚೆನ್ನೈ ಸಮುದ್ರಮಟ್ಟದ ಊರು. ಬೆಂಗಳೂರಿಗೆ ಹೊರಟ ಕಾರು ಶ್ರೀಪೆರಂಬೂದೂರು, ರಾಣಿಪೇಟೆ, ವೇಲೂರು, ಆಂಬೂರು, ಕೃಷ್ಣಗಿರಿಗಳನ್ನು ಹಾದು ಹೊಸೂರನ್ನು ಮುಟ್ಟುವಷ್ಟರಲ್ಲಿ 800 ಮೀಟರಿಗೂ ಮಿಕ್ಕಿ ಮೇಲೇರಿರುತ್ತದೆ. ಬೇಸಿಗೆಯಲ್ಲಿ ವೇಲೂರಿನ ಬಿಸಿಲು 40 ಡಿಗ್ರಿಯನ್ನು ದಾಟುವುದು ಹೊಸದಲ್ಲ. ಭಾರ, ಏರು, ಬಿಸಿಲು ಮೂರೂ ಕೂಡಿದಾಗ ಎಂಜಿನ್ ಕುದಿಯುತ್ತದೆ. ಕಾವಿನ ಮುಳ್ಳು ಏರುತ್ತಿರುವಾಗಲೇ ಹವಾನಿಯಂತ್ರಣವನ್ನು ನಿಲ್ಲಿಸಿ, ಸುರಕ್ಷಿತವಾದ ಸ್ಥಳದಲ್ಲಿ ವಾಹನವನ್ನು ನಿಲ್ಲಿಸತಕ್ಕದ್ದು. ಬಿಸಿಯಾರುವ ಮುನ್ನ ರೇಡಿಯೇಟರಿನ ಮುಚ್ಚಳವನ್ನು ತೆರೆದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬಂಡಿಯ ಗಾಲಿಗಳನ್ನೂ ಮರೆಯಬಾರದು. ಗಾಡಿಯ ಕಾಲದಲ್ಲಿ ಕೀಲೆಣ್ಣೆ ಹಾಕದೆ ಯಾರೂ ಊರು ಬಿಡುತ್ತಿರಲಿಲ್ಲ. ಇಂದು ಬೇರಿಂಗಿನ ಗ್ರೀಸು ಒಣಗಿದ್ದರೂ, ಬಹುಕಾಲ ಓಡದೆ ನಿಂತ ಟೈರು ಬಿರುಕುಬಿಟ್ಟಿದ್ದರೂ ನಾವು ನೋಡುವುದೇ ಇಲ್ಲ. ವಿಶ್ರಮಿಸಲು ನಿಂತಾಗ ಗಾಲಿಯ ನಡುಭಾಗದ ಬಳಿ ಅಂಗೈಯನ್ನು ಒಯ್ದು, ಒಂದು ಗಾಲಿಯು ಮಿಕ್ಕವುಗಳಿಗಿಂತ ಹೆಚ್ಚು ಬಿಸಿಯಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಖರ್ಚೇನೂ ಇಲ್ಲ.

ಇನ್ನು ವಾಹನವು ನಿಂತೇಹೋಯಿತೆನ್ನೋಣ. ಲೇಖನದ ಮುಖ್ಯ ಮಾತು ಇಲ್ಲಿಯೇ ಇದೆ: ಮೊದಲು ಜನ, ಆಮೇಲೆ ಬಂಡಿ. ನಿಂತ ವಾಹನಕ್ಕೆ ಹಿಂದಿನಿಂದ ಬಂದು ಬಡಿಯುವ ಅಪಘಾತಗಳನ್ನು ಕೇಂದ್ರ ಸರ್ಕಾರದ ವಾರ್ಷಿಕ ವರದಿಗಳು ಪ್ರತ್ಯೇಕವಾಗಿಯೇ ಎಣಿಸುತ್ತವೆ. ರಸ್ತೆಯ ಎಡ ಅಂಚಿಗೆ ಸರಿದು ಎಚ್ಚರಿಕೆಯ ದೀಪಗಳನ್ನು ಹಾಕಬೇಕು. ಎಲ್ಲರೂ ಎಡಬಾಗಿಲಿನಿಂದಲೇ ಇಳಿದು, ಕಬ್ಬಿಣದ ತಡೆಯಿದ್ದರೆ ಅದರ ಆಚೆಗೆ, ವಾಹನದಿಂದ ದೂರ ನಿಲ್ಲಬೇಕು. ಕೆಂಪು ತ್ರಿಕೋನವನ್ನು 50 ಮೀಟರಿಗೆ ಕಡಿಮೆಯಿಲ್ಲದಷ್ಟು ಹಿಂದೆ ಇಡಬೇಕು. ಗಾಲಿಗಳಿಗೆ ತಡೆ ಕೊಡದೆ ಕೊಂಡಿ ಬಿಚ್ಚಿದರೆ ಬಂಡಿಯು ಇಳಿಜಾರಿನಲ್ಲಿ ಉರುಳಿಹೋಗಬಹುದು. ತಡೆಗಿಟ್ಟ ಕಲ್ಲನ್ನು ಹೊರಡುವಾಗ ರಸ್ತೆಯಲ್ಲಿ ಬಿಟ್ಟುಹೋಗುವುದು ಹಿಂದೆ ಬರುವವನಿಗೆ ಮಾಡುವ ದ್ರೋಹ. ದಣಿದ ಹಿರಿಯರು ಮನೆಬಂಡಿಯ ಹಾಸಿಗೆಯಲ್ಲಿ ಮಲಗಿ ಬರುತ್ತೇನೆಂದರೂ ಒಪ್ಪಲಾಗದು. ಓಡುವಾಗ ಎಳೆಬಂಡಿಯೊಳಗೆ ಯಾರೂ ಇರಕೂಡದು, ಅಡಿಗೆ ಅನಿಲದ ಸಿಲಿಂಡರಿನ ಕೀಲಿ ಮುಚ್ಚಿರಬೇಕು.

ಕಾಯುವ ಹೊತ್ತೇ ಆರೋಗ್ಯಕ್ಕೆ ಕಂಟಕ. ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗಿನ ಉಷ್ಣತೆ ಹತ್ತೇ ನಿಮಿಷಗಳಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಮಕ್ಕಳನ್ನಾಗಲಿ ವೃದ್ಧರನ್ನಾಗಲಿ ಅದರಲ್ಲಿ ಕೂರಿಸಬಾರದು, ಇನ್ಸುಲಿನ್ನನ್ನೂ ಬಿಡಬಾರದು. ಸಕ್ಕರೆ ಕಾಯಿಲೆಯವರ ಔಷಧವೂ ತಿಂಡಿಯೂ ನೀರೂ ಡಿಕ್ಕಿಯಲ್ಲಲ್ಲ, ಕೈಚೀಲದಲ್ಲಿರಬೇಕು. ಯಾರಾದರೂ ತಡವರಿಸಿ ಮಾತನಾಡತೊಡಗಿದರೆ, ಮೈ ಕಾದು ಅರಿವು ತಪ್ಪುವಂತಾದರೆ ಅದು ಬರಿಯ ದಣಿವಲ್ಲ, ಬಿಸಿಲಾಘಾತ. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, ಕೂಡಲೇ 108ಕ್ಕೆ ಕರೆಮಾಡಬೇಕು. ಅರಿವಿಲ್ಲದವರ ಬಾಯಿಗೆ ನೀರು ಹಾಕಬಾರದು. ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 2022ರಲ್ಲಿ ರಾಣಿಪೇಟೆಯ ಬಳಿ ತೆರೆದ ಆಸ್ಪತ್ರೆಯು ಈ ಹೆದ್ದಾರಿಯಲ್ಲೇ ಇದೆ. ವಾಹನದ ನೆರವಿಗೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ 1033 ಸಂಖ್ಯೆಯಿದೆ.

ಸಿಕ್ಕ ಲಾರಿಗೆ ಹಗ್ಗ ಕಟ್ಟಿ ಎಳೆಸುವವರು ನಿಯಮವನ್ನು ನೆನೆಯಬೇಕು. 1989ರ ರಸ್ತೆ ನಿಯಮಗಳು ಕೆಟ್ಟ ವಾಹನವನ್ನು ಎಳೆಯುವಾಗ ಗಂಟೆಗೆ 24 ಕಿಲೋಮೀಟರ್ ವೇಗವನ್ನೂ, ನಡುವೆ 5 ಮೀಟರ್ ಅಂತರವನ್ನೂ ಮೀರಬಾರದೆಂದು ವಿಧಿಸಿದ್ದವು. 2017ರಲ್ಲಿ ಹೊಸ ನಿಯಮಾವಳಿ ಬಂದರೂ ಎಚ್ಚರಿಕೆಯ ಅಗತ್ಯ ಬದಲಾಗಿಲ್ಲ. ಎಂಜಿನ್ ನಿಂತ ಕಾರಿನಲ್ಲಿ ಬ್ರೇಕೂ ಸ್ಟಿಯರಿಂಗೂ ಬಿಗಿಯಾಗಿರುವುದರಿಂದ ಅದರಲ್ಲಿ ಕುಳಿತವನಿಗೆ ಹೆಚ್ಚು ಬಲ ಬೇಕು.

ವಿಮೆಯ ವಿಷಯದಲ್ಲಿ ಅನೇಕರದು ತಪ್ಪು ತಿಳಿವಳಿಕೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಎಳೆಬಂಡಿಯೂ ಮೋಟಾರು ವಾಹನವೇ; ಕಾರಿನ ಪಾಲಿಸಿಯು ತಾನಾಗಿ ಅದಕ್ಕೆ ಅನ್ವಯಿಸುವುದೆಂದು ಭಾವಿಸದೆ ಕೇಳಿ ಬರೆಯಿಸಿಕೊಳ್ಳಬೇಕು. ಸಾಮಾನ್ಯ ಪಾಲಿಸಿಯು ಅಪಘಾತದ ನಷ್ಟವನ್ನು ತುಂಬುವುದೇ ಹೊರತು ಯಂತ್ರವು ತಾನಾಗಿ ಕೆಟ್ಟರೆ ಹೊಣೆ ಹೊರುವುದಿಲ್ಲ. ದಾರಿಯ ನೆರವೆಂಬ ಹೆಚ್ಚುವರಿ ರಕ್ಷಣೆಯನ್ನು ಪಡೆದಿದ್ದರೂ ಎಷ್ಟು ದೂರದವರೆಗೆ ಎಳೆದೊಯ್ಯುವರೆಂಬುದನ್ನು ಹೊರಡುವ ಮೊದಲೇ ಓದಿಕೊಳ್ಳುವುದು ಲೇಸು.

ಬಂಡಿಯಲ್ಲಿ ಸಾಮಾನಿದೆಯೆಂದು ರಾತ್ರಿಯೆಲ್ಲ ಹೆದ್ದಾರಿಯ ಅಂಚಿನಲ್ಲಿ ಕಾವಲು ಕೂರುವವರನ್ನು ಕಾಣುತ್ತೇವೆ. ಲೆಕ್ಕಪತ್ರದಲ್ಲಿ ವಾಹನವು ವರ್ಷವರ್ಷವೂ ಸವಕಳಿಗೊಳ್ಳುವ ಆಸ್ತಿ. ಕಡೆಗೊಂದು ದಿನ ಅದರ ಬೆಲೆ ಶೂನ್ಯವೆಂದೇ ಬರೆಯಬೇಕು. ಅದರೊಡನೆ ಹೊರಟವರಿಗೆ ಅಂತಹ ಖಾತೆಯಿಲ್ಲ. ಬಾಗಿಲಿಗೆ ಬೀಗ ಹಾಕಿ, 1033ಕ್ಕೆ ತಿಳಿಸಿ, ಮನೆಯವರನ್ನೆಲ್ಲ ಬೆಳಕಿರುವ ಸ್ಥಳಕ್ಕೆ ಕರೆದೊಯ್ಯಿರಿ. ಬಂಡಿಯನ್ನು ಬೆಳಗ್ಗೆ ತರಬಹುದು.