ಏಳು ಮನೆ ಸುತ್ತಿಸುವ ಚಿರತೆ ತಾಯಿ

ಅಟ್ಟದ ಮೇಲೆ ಬೆಕ್ಕು ಮರಿ ಹಾಕಿದಾಗ ಮನೆಯ ಹಿರಿಯರು ಹೇಳುವ ಮಾತು ನಿಮಗೂ ಗೊತ್ತಿರಬೇಕು. "ಏಳು ಮನೆ ಸುತ್ತಿಸದೆ ಅದು ಬಿಡೋದಿಲ್ಲ ಕಣೇ!" ಇವತ್ತು ಅಟ್ಟದ ಮೂಲೆಯಲ್ಲಿದ್ದ ಮರಿಗಳು ನಾಳೆ ಪಕ್ಕದ ಮನೆಯ ಹುಲ್ಲಿನ ಮೆದೆಯಲ್ಲಿ, ನಾಡಿದ್ದು ಇನ್ನೆಲ್ಲೋ! ನಾವು ಆಸೆಯಿಂದ ಇಟ್ಟ ಹಾಲಿನ ತಟ್ಟೆ ಮಾತ್ರ ಅಲ್ಲೇ ಒಣಗುತ್ತಿರುತ್ತದೆ.

ಬೆಕ್ಕಿನ ಬಳಗಕ್ಕೇ ಸೇರಿದ ಚಿರತೆಯೂ ಹೀಗೇ ಮಾಡುತ್ತದೆ. ಯಾಕೆ ಮಾಡುತ್ತದೆ ಎಂಬುದನ್ನು ಜನ ಕಣ್ಣಾರೆ ಕಂಡು ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಬರೆದಿಡುತ್ತಾ ಬಂದಿರುವ ಕಾಡೊಂದು ದಕ್ಷಿಣ ಆಫ್ರಿಕದಲ್ಲಿದೆ. ಅದರ ಹೆಸರು ಸಾಬಿ ಸ್ಯಾಂಡ್. ಹೆಸರಾಂತ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲೇ ಇರುವ ಖಾಸಗಿ ಅಭಯಾರಣ್ಯ. ಎರಡರ ನಡುವೆ ಇದ್ದ ತಂತಿ ಬೇಲಿಯನ್ನು 1993ರಲ್ಲಿ ಕಿತ್ತು ಹಾಕಿದ ಮೇಲೆ ಪ್ರಾಣಿಗಳಿಗೆ ಈ ಕಡೆ, ಆ ಕಡೆ ಎಂಬ ಭೇದವಿಲ್ಲ. ಅಂದಹಾಗೆ, ನಾನು ಹೇಳುತ್ತಿರುವುದು ಬಾಣದಂತೆ ಓಡುವ ಚೀತಾದ ಸಂಗತಿಯಲ್ಲ. ನಮ್ಮ ಊರಂಚಿನ ಕಬ್ಬಿನ ಗದ್ದೆಗೆ ಬಂದು ನಾಯಿ ಹೊತ್ತೊಯ್ಯುತ್ತದಲ್ಲ, ಅದೇ ಜಾತಿಯ ಚಿರತೆ.

ಈ ಅರಣ್ಯದಲ್ಲಿ ಲೊಂಡೊಲೋಜಿ ಎಂಬ ಒಂದು ಭಾಗವಿದೆ. 1926ರಲ್ಲಿ ಅದನ್ನು ಇಬ್ಬರು ಗೆಳೆಯರು ಕೊಂಡದ್ದು ಬೇಟೆಗಾಗಿ! ಅವರಲ್ಲೊಬ್ಬರ ಮೊಮ್ಮಕ್ಕಳು, ವಾರ್ಟಿ ಸೋದರರು, ಮುಂದೆ ಬಂದೂಕು ಕೆಳಗಿಟ್ಟು ಪ್ರವಾಸಿಗರಿಗೆ ಪ್ರಾಣಿ ತೋರಿಸುವ ಕೆಲಸ ಹಿಡಿದರು. ಆದರೆ ಚಿರತೆ ಮಾತ್ರ ಕಾಣಬೇಕಲ್ಲ? ತಲೆಮಾರುಗಟ್ಟಲೆ ಗುಂಡಿನ ಸದ್ದು ಕೇಳಿದ ಪ್ರಾಣಿ. ಜೀಪಿನ ಸದ್ದಾದರೆ ಸಾಕು, ಪೊದೆಯೊಳಗೆ ಮಾಯ. 1979ರಲ್ಲಿ ಒಂದು ಹೆಣ್ಣು ಚಿರತೆ ಓಡದೆ ನಿಂತಿತು. ಜಾನ್ ವಾರ್ಟಿ ಮತ್ತು ಹೆಜ್ಜೆ ಗುರುತು ಹಿಡಿಯುವುದರಲ್ಲಿ ನಿಷ್ಣಾತರಾದ ಎಲ್ಮನ್ ಮ್ಲೊಂಗೊ ಅದನ್ನು ಅವಸರ ಮಾಡದೆ, ದೂರದಿಂದಲೇ, ವರ್ಷಗಟ್ಟಲೆ ಹಿಂಬಾಲಿಸಿದರು. ಅದಕ್ಕೆ ಅವರಿಟ್ಟ ಹೆಸರು 'ತಾಯಿ ಚಿರತೆ'. ಜೀಪೆಂದರೆ ಅಪಾಯವಲ್ಲ ಎಂಬ ಪಾಠವನ್ನು ಅದರ ಮರಿಗಳು ತಾಯಿಯ ಬೆನ್ನ ಹಿಂದೆ ನಿಂತೇ ಕಲಿತವು. ಅವುಗಳಿಂದ ಅವುಗಳ ಮರಿಗಳು ಕಲಿತವು.

ಮೀಸೆಯ ಚುಕ್ಕೆಯೇ ಗುರುತು

ಒಂದು ಚಿರತೆಯ ಹಾಗೇ ಇನ್ನೊಂದು, ಗುರುತು ಹಿಡಿಯುವುದು ಹೇಗೆ ಎನ್ನುತ್ತೀರಾ? ಮೀಸೆಯ ಕೂದಲು ಸಾಲಾಗಿ ಇರುತ್ತದೆ ನೋಡಿ, ಅದರ ಮೇಲಿನ ಸಾಲಿಗಿಂತಲೂ ಮೇಲೆ, ಮುಖದ ಬಲಕ್ಕೆಷ್ಟು ಚುಕ್ಕೆ, ಎಡಕ್ಕೆಷ್ಟು ಎಂದು ಎಣಿಸುತ್ತಾರೆ. ಬಲಕ್ಕೆ ಮೂರು, ಎಡಕ್ಕೆ ನಾಲ್ಕಿದ್ದರೆ ಅದರ ಹೆಸರೇ 'ಮೂರು-ನಾಲ್ಕು'. ಹೀಗೆ ಅಜ್ಜಿ, ಅವ್ವ, ಮಗಳು, ಮೊಮ್ಮಗಳು ಎಂದು ವಂಶಾವಳಿಯೇ ತಯಾರಾಗಿದೆ.

ಬಸಿರು ಸುಮಾರು ಮೂರು ತಿಂಗಳು. ಸಾಮಾನ್ಯವಾಗಿ ಎರಡು ಮರಿ. ಬಂಡೆಯ ಸಂದಿಯಲ್ಲೋ, ಹಳೆಯ ಹುತ್ತದ ಪೊಟರೆಯಲ್ಲೋ ಬಾಣಂತನ! ಗಂಡನ ಮನೆಯೂ ಇಲ್ಲ, ತವರೂ ಇಲ್ಲ, ನೀರು ಕಾಯಿಸಿ ಕೊಡುವವರಿಲ್ಲ. ಕಣ್ಣು ಬಿಡದ ಮರಿಗಳನ್ನು ಬಿಟ್ಟು ತಾನೇ ಬೇಟೆಗೆ ಹೋಗಬೇಕು. ಹಾಲಿಳಿಯಬೇಕಾದರೆ ತಾಯಿಯ ಹೊಟ್ಟೆ ತುಂಬಬೇಕು ತಾನೆ? ಒಮ್ಮೊಮ್ಮೆ ಇಡೀ ಹಗಲು, ಇಡೀ ರಾತ್ರಿ ಮರಿಗಳು ಉಸಿರೆತ್ತದೆ ಕಾಯುತ್ತವೆ. ವಾಪಸು ಬಂದ ತಾಯಿ ಮೆಲ್ಲಗೆ ಕರೆದ ಮೇಲೆಯೇ ಹೊರಗೆ ತಲೆ ಹಾಕುವುದು. ಇದ್ದ ಜಾಗದಲ್ಲಿ ವಾಸನೆ ನಿಂತರೆ ಕತ್ತೆಕಿರುಬಕ್ಕೆ ಸುಳಿವು ಸಿಗುತ್ತದೆ. ಅದಕ್ಕೇ ಕತ್ತು ಕಚ್ಚಿಕೊಂಡು ಮನೆಯಿಂದ ಮನೆಗೆ ಸಾಗಿಸುವುದು.

ಬೇಟೆ ಸಿಕ್ಕರೂ ನೆಮ್ಮದಿಯಿಲ್ಲ. ಇಂಪಾಲವೆಂಬ ಜಿಂಕೆಯಂಥ ಪ್ರಾಣಿಯೇ ಅಲ್ಲಿ ಮುಖ್ಯ ಆಹಾರ. ಸಿಂಹವೋ ಕತ್ತೆಕಿರುಬವೋ ಬಂದು ಕಸಿಯುವ ಮೊದಲೇ ತನ್ನಷ್ಟೇ ಭಾರದ ಇಂಪಾಲವನ್ನು ಹಲ್ಲಿನಲ್ಲಿ ಕಚ್ಚಿ ಮರಕ್ಕೇರಿಸಬೇಕು. ಹೆಚ್ಚಾಗಿ ಅದು ಮರೂಲ ಮರ. ನಮ್ಮ ಮಾವು, ಗೇರಿನ ಕುಟುಂಬದ್ದೇ.

ಇಷ್ಟೆಲ್ಲ ಮಾಡಿಯೂ 100 ಮರಿಗಳಲ್ಲಿ ಸ್ವಂತ ಕಾಲ ಮೇಲೆ ನಿಲ್ಲುವಷ್ಟು ಬದುಕುವುದು 40 ಕೂಡ ಅಲ್ಲ. ಸಾಬಿ ಸ್ಯಾಂಡಿನ ದಾಖಲೆಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿದಾಗ ಕಂಡ ಲೆಕ್ಕ ಇದು. ಸಿಂಹ, ಕತ್ತೆಕಿರುಬ ಕೊಲ್ಲುವುದು ಸರಿಯೇ. ಆದರೆ ಎಲ್ಲಕ್ಕಿಂತ ಹೆಚ್ಚು ಮರಿಗಳು ಸಾಯುವುದು ಹೊಸದಾಗಿ ಬಂದ ಗಂಡು ಚಿರತೆಯ ಬಾಯಲ್ಲಿ! ಮರಿ ಸತ್ತರೆ ತಾಯಿ ಬೇಗ ಮತ್ತೆ ಬೆದೆಗೆ ಬರುತ್ತದೆ. ಆಗ ಹುಟ್ಟುವುದು ತನ್ನ ಸಂತಾನ. ಇದು ಆ ಗಂಡಿನ ಲೆಕ್ಕ. ಹೆಣ್ಣಿನದೂ ಒಂದು ಲೆಕ್ಕವಿದೆ ಎನ್ನುತ್ತಾರೆ ತಿಳಿದವರು. ಅಕ್ಕಪಕ್ಕದ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಿಬಿಟ್ಟರೆ ಮರಿ ಯಾರದೆಂಬ ಅನುಮಾನ ಎಲ್ಲರಿಗೂ ಉಳಿಯುತ್ತದೆ, ಯಾರೂ ಕೈ ಮಾಡುವುದಿಲ್ಲ. ಮೂಗು ಮುರಿಯಬೇಡಿ. ಮರಿ ಉಳಿಯಬೇಕಲ್ಲ!

ಜೀಪಿನಲ್ಲಿ ಕುಳಿತವರ ಕಣ್ಣೆದುರೇ ಮರಿ ಸತ್ತರೂ ಅವರು ಕೈ ಹಾಕುವುದಿಲ್ಲ. ಅದು ಅಲ್ಲಿನ ಕಟ್ಟುನಿಟ್ಟು. ನನಗೆ ಮೊದಲು ಸಿಟ್ಟೇ ಬಂತು. ಒಂದು ಕಲ್ಲಾದರೂ ಎಸೆಯಬಾರದೇ ಅನ್ನಿಸಿತು. ಆಮೇಲೆ ಯೋಚಿಸಿದೆ. ಇವತ್ತು ಗಂಡನ್ನು ಓಡಿಸಬಹುದು. ರಾತ್ರಿ ಮತ್ತೆ ಬಂದರೆ ಕಾಯುವವರು ಯಾರು? ಆದರೂ ಪೂರ್ತಿ ಸಮಾಧಾನವಾಗಿದೆ ಎಂದು ಸುಳ್ಳು ಹೇಳಲಾರೆ.

ಅಜ್ಜಿಯ ಆಸರೆ

ಮನಸ್ಸು ತಂಪಾಗುವ ಒಂದು ಸಂಗತಿಯೂ ಇದೆ. ಇದೇ ಕಾಡಿನಲ್ಲಿ ವಯಸ್ಸಾದ ಹೆಣ್ಣು ಚಿರತೆಯೊಂದು ತನ್ನ ಮಗಳ ಮರಿಯನ್ನು ಜೊತೆಗೆ ಸೇರಿಸಿಕೊಂಡು ಸಾಕಿತು. ಒಂಟಿಯಾಗಿಯೇ ಬಾಳುವ ಪ್ರಾಣಿಯಲ್ಲಿ ಇಂಥದ್ದು ಅಪರೂಪ ಎಂದು ವಿಜ್ಞಾನಿಗಳು ಬರೆದಿಟ್ಟರು. ನಮ್ಮ ಕಡೆಯ ಅಜ್ಜಿಯರಿಗೆ ಹೇಳಿದರೆ "ಅದರಲ್ಲೇನು ವಿಶೇಷ?" ಎಂದಾರು!

ಗಂಡು ಮಗ ದೊಡ್ಡವನಾದರೆ ದೂರ ಹೋಗಬೇಕು. ಹೆಣ್ಣಿಗೆ ಹಾಗಲ್ಲ. ತಾಯಿ ತಾನು ಆಳುವ ಜಾಗದಲ್ಲೇ ಒಂದು ಪಾಲನ್ನು ಮಗಳಿಗೆ ಬಿಟ್ಟು ತಾನು ಸ್ವಲ್ಪ ಆಚೆ ಸರಿಯುತ್ತದೆ. ನೀರು ಎಲ್ಲಿ, ಇಂಪಾಲ ಎಲ್ಲಿ ಎಂದು ಮಗಳು ಬಲ್ಲ ನೆಲ ಅದು.

2004ರಲ್ಲಿ ಹುಟ್ಟಿದ ಕರೂಲ ಎಂಬವಳು ಇಂಥ ತಾಯಿ. 'ಅವಳು' ಎಂದೇ ಕರೆಯೋಣ, ಅಷ್ಟು ಪರಿಚಿತಳಾಗಿದ್ದಳು. ಸ್ಥಳೀಯ ಸೊಂಗಾ ಭಾಷೆಯಲ್ಲಿ ಆ ಹೆಸರಿಗೆ ಶಾಂತ ಎಂದರ್ಥ. ಸಾಬಿ ಸ್ಯಾಂಡಿನಿಂದ ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಬರುವುದರಿಂದ ದೇಶ ದೇಶಗಳ ಜನ ಮನೆಯಲ್ಲೇ ಕುಳಿತು ಅವಳ ಮರಿಗಳು ಆಡುವುದನ್ನು ನೋಡಿದರು. ತಾಂಡಿ, ಶ್ಯಾಡೋ ಎಂಬ ಹೆಣ್ಣುಮಕ್ಕಳನ್ನು ಅವಳು ದಡ ಮುಟ್ಟಿಸಿದಳು. 2016ರಲ್ಲಿ ಮತ್ತೆ ಎರಡು ಮರಿಗಳಾದವು: ಹೊಸಾನಾ ಎಂಬ ಗಂಡು, ಶೊಂಗಿಲೆ ಎಂಬ ಹೆಣ್ಣು.

2017ರ ಆರಂಭದಲ್ಲಿ ಕರೂಲ ಕಾಣದಾದಳು. ಜೀಪುಗಳು ದಿನಗಟ್ಟಲೆ ಹುಡುಕಿದವು. ಗುರುತಿನ ಹೆಜ್ಜೆಯೂ ಇಲ್ಲ, ಹೆಣವೂ ಇಲ್ಲ. ಮರಿಗಳಿಗೆ ಆಗಿನ್ನೂ ಒಂದು ವರ್ಷ. ಶೊಂಗಿಲೆಯೂ ಕೆಲ ಕಾಲದ ನಂತರ ಕಣ್ಮರೆಯಾಯಿತು. ಹೊಸಾನಾ ಮಾತ್ರ ತಾನೇ ಬೇಟೆ ಕಲಿತು, ಹೊಟ್ಟೆ ಹೊರೆದುಕೊಂಡು, ದಪ್ಪ ಕತ್ತಿನ ಗಂಡು ಚಿರತೆಯಾಗಿ ಬೆಳೆದ. ತಾಯಿ ತಂದಿಟ್ಟ ಬೇಟೆಯನ್ನು ತಿನ್ನಲು ಹಿಂದೆ ಹತ್ತುತ್ತಿದ್ದಂಥ ಮರಗಳಿಗೆ ಈಗ ತನ್ನ ಬೇಟೆಯನ್ನು ತಾನೇ ಏರಿಸತೊಡಗಿದ.